ಸೀರೆಯ ಮೂಲೆಯ ಅರಿಶಿಣ

ಬೇವಿನ ಎಲೆ ಬದಲಿಸುವಾಗ ಅವಸರ ಮಾಡುವಂತಿಲ್ಲ. ಹಳೆಯ ಎಲೆ ಪುಡಿಯಾಗಿ ಸೀರೆಯ ಮಡಿಕೆಯೊಳಗೆ ಇಳಿದಿರುತ್ತದೆ. ಜಾಡಿಸಿದರೆ ನೂಲು ಹರಿಯುತ್ತದೆ. ಒಂದೊಂದೇ ಮಡಿಕೆ ಬಿಚ್ಚಿ, ನವಿಲುಗರಿಯಿಂದ ಪುಡಿ ಸರಿಸಿ, ಹೊಸ ಎಲೆ ಹಾಸಿ ಮತ್ತೆ ಮಡಿಚಬೇಕು. ಸಾವಿತ್ರೆವ್ವ ವಾಡೆಯ ಪಡಸಾಲೆಯಲ್ಲಿ ಬಿಳಿ ದುಪ್ಪಟಿ ಹಾಸಿಕೊಂಡು ಬೆಳಗಿನಿಂದ ಅದನ್ನೇ ಮಾಡುತ್ತಿದ್ದಳು.

ಎಲೆಯನ್ನು ಹಿತ್ತಲ ಮರದ ಕೆಳಗಿನಿಂದ ಆರಿಸಿ ತಂದಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಗುಡಾಣದ ತುಂಬ ಹೋದ ವರ್ಷದ ಒಣ ಎಲೆಯ ದಾಸ್ತಾನಿತ್ತು. ಹಳೆಯದು ಯಾಕೆಂದು ಅದರ ಮುಚ್ಚಳ ತೆಗೆದಿರಲಿಲ್ಲ.

ಮರುದಿನ ಇತಿಹಾಸ ಸಮ್ಮೇಳನದ ಸಮಿತಿಯವರು ಈ ಸೀರೆಯ ಫೋಟೋ ತೆಗೆಯಲು ಬರುವವರಿದ್ದರು. ಡಿಸೆಂಬರಿನಲ್ಲಿ ಬಾಗಲಕೋಟೆಯ ಸಮ್ಮೇಳನಕ್ಕೆ ಬಂದವರನ್ನು ಒಂದು ದಿನ ಬಾದಾಮಿಯ ಗುಹೆಗಳಿಗೆ, ಮರುದಿನ ಹುನಗುಂದದಾಚೆ ಮರೋಳದ ದಾರಿಯಲ್ಲಿರುವ ಈ ದೇಸಾಯರ ವಾಡೆಯ ವಸ್ತುಸಂಗ್ರಹಕ್ಕೆ ಬಸ್ಸಿನಲ್ಲಿ ಕರೆತಂದಿದ್ದರು. ಅಂದೇ ಗಾಜಿನ ಪೆಟ್ಟಿಗೆಯೊಳಗಿನ ನೂರಾ ಮೂವತ್ತು ವರ್ಷದ ಇಳಕಲ್ ಸೀರೆ ಕಾಣೆಯಾಗಿ, ಅರ್ಧ ತಾಸಿನಲ್ಲಿ ಕಾವಲುಗಾರ ಹುಸೇನಪೀರನ ಹಾಸಿಗೆ ಸುರುಳಿಯಲ್ಲಿ ಸಿಕ್ಕಿತ್ತು; ಅವನು ನಲವತ್ತೆರಡು ದಿನದಿಂದ ಹುನಗುಂದದ ಜೈಲಿನಲ್ಲಿದ್ದ.

ಸೀರೆಯನ್ನು ಹೋದ ವಾರ ಕೋರ್ಟಿಗೆ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿ ತಂದವರು ಗುರಲಿಂಗಪ್ಪ ಮಾಸ್ತರರು. ವಾಡೆಯ ಟ್ರಸ್ಟಿಗೆ ಅವರೇ ಕಾರ್ಯದರ್ಶಿ. ತಾವೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಸಾವಿತ್ರೆವ್ವನಿಗೆ ಕೀಲಿ ಕೊಡುವಾಗಲೂ, ಒಳಗಿನ ಗಾಜು ಒರೆಸು, ಸೀರೆ ಮುಟ್ಟಬೇಡ ಎಂದು ಎರಡು ಸಲ ಹೇಳಿದ್ದರು. ಅವರ ಮಾತನ್ನು ಅವಳು ಮೀರಿದವಳಲ್ಲ. ನಲವತ್ತೆಂಟರ ವಯಸ್ಸಿನಲ್ಲಿ ರಾತ್ರಿ ಸಾಲಿಯ ಹಲಗೆಯ ಮುಂದೆ ಕೂರಿಸಿ ಅಕ್ಷರ ತಿದ್ದಿಸಿದವರು ಅವರು; ಈ ಕೆಲಸ ಕೊಡಿಸಿದವರೂ ಅವರೇ.

ಆದರೆ ಹೋದ ಗುರುವಾರ ಹುಸೇನಪೀರನ ಹೆಂಡತಿ ಮೌಲಾಬಿ ಜೈಲಿಗೆ ಹೋಗಿ ಬಂದು ಬಾಗಿಲಲ್ಲಿ ನಿಂತಿದ್ದಳು. ಪೊಲೀಸರ ಮುಂದೆ, ವಕೀಲರ ಮುಂದೆ ಬಾಯಿಯನ್ನೇ ಬಿಡದ ಮನುಷ್ಯ ಹೆಂಡತಿಯ ಕೈಯಲ್ಲಿ ಒಂದೇ ಒಂದು ಮಾತು ಹೇಳಿ ಕಳಿಸಿದ್ದ.

“ಬೇವಿನ ಎಲಿ ಬದಲ ಮಾಡ್ಯಾಳೇನು ಅಂತ ಸಾವಿತ್ರಕ್ಕಗ ಕೇಳು ಅಂದ್ರು. ಮತ್ತೇನೂ ಅನ್ನಲಿಲ್ಲ.”

ಕಂಬಿಯ ಹಿಂದೆ ಕೂತವನಿಗೂ ವಾಡೆಯ ಚಿಂತೆ ಎಂದು ಸಾವಿತ್ರೆವ್ವನಿಗೆ ನಾಚಿಕೆಯಾಗಿತ್ತು. ಮೌಲಾಬಿಯ ಮುಖ ನೋಡಲಾಗದೆ ಒಳಗೆ ಹೋಗಿ ಸುಮ್ಮನೆ ಒಂದು ತಂಬಿಗೆ ಬೆಳಗಿದ್ದಳು.

ನಾಚಿಕೆಗೆ ಬೇರೆ ಕಾರಣವೂ ಇತ್ತು. ಅದು ಅವಳ ಎಲೆ-ಅಡಿಕೆಯ ಚಂಚಿಯೊಳಗೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಹುಸೇನಪೀರ ಅಂದು ಊಟದ ಹೊತ್ತಿನಿಂದ ಮೂರೂವರೆಗೆ ಜಮಾದಾರ ಬಂದು ಕೈ ಹಿಡಿಯುವವರೆಗೆ ಅಡುಗೆಮನೆಯಲ್ಲಿ ನನ್ನ ಜೊತೆಗೇ ಬಸ್ಸಿನವರ ಬುತ್ತಿ ಕಟ್ಟುತ್ತಿದ್ದ ಎಂದು ಬಿಜಾಪುರದ ದೊಡ್ಡ ಪೊಲೀಸ್ ಸಾಹೇಬರಿಗೆ ಮರುದಿನವೇ ಬರೆದ ಪತ್ರ. ಕೋರ್ಟು-ಕಚೇರಿ ಹೆಣ್ಣುಮಕ್ಕಳಿಗೆ ಯಾಕೆ, ಸತ್ಯ ತಾನಾಗಿ ಹೊರಬರುತ್ತದೆ ಎಂದು ಮಾಸ್ತರರು ಅಂದಿದ್ದರು. ಕೆಲಸ ಹೋದರೆ ಎಲ್ಲಿಗೆ ಹೋಗಲಿ ಎಂಬ ಹೆದರಿಕೆಗೆ ಆ ಮಾತು ಹಿತವಾಗಿತ್ತು. ಪತ್ರ ಚಂಚಿಯಲ್ಲೇ ಉಳಿದು ಎಲೆ-ಅಡಿಕೆಯ ವಾಸನೆ ಹಿಡಿದಿತ್ತು.

ಕೊನೆಯ ಮಡಿಕೆ ಬಿಚ್ಚಿದಳು. ಸೆರಗಿನ ಒಳಮೂಲೆ ಮೇಲೆ ಬಂತು.

ಅಲ್ಲಿ ಹೆಬ್ಬೆರಳಿನಗಲದ ಹಳದಿ. ನಡುವೆ ಸಣ್ಣಗೆ ಕುಂಕುಮ.

ಅವಳ ಕೈಯೊಳಗಿನ ಗರಿ ನಿಂತಿತು.

ವಾಡೆಯಲ್ಲಿ ವಸ್ತುಸಂಗ್ರಹ ತೆರೆದ ವರ್ಷ ದೇಸಾಯರ ಸೀರೆಯನ್ನು ಅಂಟವಾಳದ ನೀರಿನಲ್ಲಿ ತೊಳೆದು ನೆರಳಿಗೆ ಹರವಿದವಳು ಅವಳೇ. ಅದರ ನಾಲ್ಕೂ ಮೂಲೆ ಅವಳ ಬೆರಳಿಗೆ ಗೊತ್ತು. ಹಳದಿಯಿರಲಿಲ್ಲ.

ಆತುರಪಡಲಿಲ್ಲ. ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಸಾಸಿವೆಯಷ್ಟು ಸುಣ್ಣಕ್ಕೆ ನೀರು ತಾಗಿಸಿ, ಹಳದಿಯ ಅಂಚಿಗೆ ಒತ್ತಿದಳು. ನೋಡುತ್ತಿದ್ದಂತೆ ಅಲ್ಲಿ ಕೆಂಪು ಒಡೆಯಿತು. ಅರಿಶಿಣಕ್ಕೆ ಸುಣ್ಣ ಸೋಕಿದರೆ ಏನಾಗುತ್ತದೆಂದು ಓಕುಳಿ ಕಲಸಿದ ಯಾವ ಹೆಂಗಸಿಗೂ ಹೇಳಿಕೊಡಬೇಕಿಲ್ಲ.

ಹೊಸ ಅರಿಶಿಣ. ಹೊಸ ಸೀರೆ.

ಆಮೇಲೆ ಸೆರಗು ಒಡಲಿಗೆ ಕೂಡುವ ಗೆರೆಯ ಮೇಲೆ ಉಗುರು ಎಳೆದಳು. ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ಹತ್ತಿಯ ಎಳೆಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವುದಕ್ಕೆ ಇಳಕಲ್ಲಿನಲ್ಲಿ ಕೊಂಡಿ ಅನ್ನುತ್ತಾರೆ. ಅದು ಹೆಂಗಸರ ಕೆಲಸ. ಮದುವೆಯಾಗುವವರೆಗೆ ಅವಳೂ ಅದನ್ನೇ ಮಾಡಿದವಳು. ಹಳೆಯ ನೇಯ್ಗೆಯ ಕೊಂಡಿ ಇಷ್ಟು ಬಿಗಿಯಾಗಿ ಹಾಕುವವಳು ಈಗ ಇಳಕಲ್ಲಿನಲ್ಲಿ ಒಬ್ಬಳೇ ಉಳಿದಿದ್ದಳು. ಅವಳ ತಮ್ಮನ ಹೆಂಡತಿ, ರಂಗವ್ವ.

ಸೀರೆ ಮಡಿಚಿಟ್ಟು, ಬೀಗ ಹಾಕಿ, ಹನ್ನೊಂದರ ಇಳಕಲ್ ಬಸ್ಸು ಹತ್ತಿದಳು.

ರಂಗವ್ವ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕೆಂದು ಅವಳಿಗೆ ಗೊತ್ತೇ ಇರಲಿಲ್ಲ. ಶ್ರಾವಣದಲ್ಲಿ ಗುರಲಿಂಗಪ್ಪ ಮಾಸ್ತರರು ಸೀರೆಯ ಫೋಟೋ ಹಿಡಿದು ಬಂದಿದ್ದರಂತೆ. ಸಮ್ಮೇಳನದ ಪ್ರದರ್ಶನಕ್ಕೆ ಇಂಥದ್ದೇ ಒಂದು ಬೇಕು ಎಂದು ನೇಯಿಸಿಕೊಂಡರಂತೆ. ನೇಯ್ದಾದ ಮೇಲೆ ಚಹಾದ ನೀರಿನಲ್ಲಿ ಎರಡು ದಿನ ನೆನೆಸಲು ಹೇಳಿದರಂತೆ.

“ಸೀರಿಗೆ ಚಹಾ ಕುಡಿಸೋ ಮಾಸ್ತರನ್ನ ನಾ ಇದ ಮೊದಲ ನೋಡಿದ್ದು” ಎಂದು ರಂಗವ್ವ ನಕ್ಕಳು. ಅವಳ ಕೈ ಮಾತ್ರ ಎಳೆ ಕೂಡಿಸುವುದನ್ನು ಬಿಡಲಿಲ್ಲ.

ಸಾವಿತ್ರೆವ್ವ ಅರಿಶಿಣದ ಮಾತು ಕೇಳಿದಳು.

“ಹಚ್ಚಬ್ಯಾಡ ಅಂದ್ರಕ್ಕಾ. ಹಂಗಂದ್ರ, ನಮ್ಮನಿಯಿಂದ ಹೊಸಾ ಸೀರಿ ಬರಿದ ಹೊರಗ ಹೋಗತೈತೇನು? ಅವರು ಅತ್ಲಾಗ ತಿರುಗಿದಾಗ ಮಡಿಕಿ ಒಳಗ ಹಚ್ಚಿ ಕೊಟ್ಟೆ. ಯಾರ ಉಡ್ತಾರೋ, ಅವರಿಗೆ ಛಲೋ ಆಗ್ಲಿ.”

ಆ ಸೀರೆಯನ್ನು ಯಾರೂ ಉಡಲಿಲ್ಲ. ಹುಸೇನಪೀರನ ಹಾಸಿಗೆ ಅದನ್ನು ಸುತ್ತಿಕೊಂಡಿತು. ಸಾವಿತ್ರೆವ್ವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ರಂಗವ್ವ ಕೊಟ್ಟ ಚಹಾದ ಬಟ್ಟಲು ಕೆಳಗಿಟ್ಟು ಬಸ್ಸಿಗೆ ಎದ್ದಳು.

ಹುನಗುಂದದಲ್ಲಿ ಬಸ್ಸಿಳಿದಾಗ ಎರಡೂವರೆ. ಮಾಸ್ತರರು ತಮ್ಮ ಮನೆಯ ಹೊರಕೋಣೆಯಲ್ಲಿ ಕೂತು ನಾಳೆಯ ಪಟ್ಟಿ ಬರೆಯುತ್ತಿದ್ದರು: ಯಾರು ಯಾವ ಜೀಪಿನಲ್ಲಿ, ಯಾರಿಗೆ ಖಾರ ಕಡಿಮೆ, ವಾಡೆಗೆ ಎಷ್ಟು ಹೊತ್ತಿಗೆ, ಇಳಕಲ್ಲಿಗೆ ಎಷ್ಟಕ್ಕೆ. ಮೇಜಿನ ಮೂಲೆಯಲ್ಲಿ ಹಗ್ಗ ಕಟ್ಟಿದ ದಪ್ಪ ಕಾಗದದ ಕಟ್ಟೊಂದಿತ್ತು.

“ಗಾಜು ಒರಿಸಿದೇನು?”

“ಒರಿಸಿದೆ. ಎಲಿನೂ ಬದಲ ಮಾಡಿದೆ.”

ಪೆನ್ನು ನಿಂತಿತು. “ಸೀರಿ ಮುಟ್ಟಬ್ಯಾಡ ಅಂದಿದ್ದೆ.”

“ಹುಸೇನಪೀರ ಹೇಳಿ ಕಳಿಸಿದ್ದಾ. ಬೇವಿನ ಎಲಿ ಬದಲ ಮಾಡ್ಯಾಳೇನು ಅಂತ ಕೇಳಿದ್ನಂತ. ಅದಕ್ಕ ಮಾಡಿದೆ.” ಸಾವಿತ್ರೆವ್ವ ನೆಲದ ಮೇಲೆ ಕೂತಳು. “ಮೂಲ್ಯಾಗ ಅರಿಶಿಣ ಐತ್ರಿ, ಮಾಸ್ತರ್ರ.”

“ಹಳೇ ಸೀರಿ. ಯಾವ ಕಾಲದ್ದೋ ಇದ್ದೀತು.”

“ಆ ಸೀರಿ ತೊಳದಾಕಿ ನಾ. ಸುಣ್ಣ ಹಚ್ಚಿ ನೋಡೇನಿ. ರಂಗವ್ವನ ಮನಿಗೂ ಹೋಗಿ ಬಂದೇನಿ.”

ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಸುಳ್ಳು ಹೇಳುತ್ತಾರೆಂದು ಅವಳು ಕಾದಳು. ಸುಳ್ಳು ಹೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವರು ನಡೆದದ್ದನ್ನೇ ಹೇಳಿದರು.

ಪುಣೆಯ ಡಾಕ್ಟರ್ ಸಂಗಯ್ಯನವರು ಸಮ್ಮೇಳನದ ದೊಡ್ಡ ಹೆಸರು. ಈ ಸೀಮೆಯ ಬಗ್ಗೆ ಮಾಸ್ತರರು ಬರೆದಿಟ್ಟ ಪುಸ್ತಕವನ್ನು ತಾವೇ ಮುಂದೆ ನಿಂತು ಅಚ್ಚು ಹಾಕಿಸುವುದಾಗಿ ಅವರು ಮಾತು ಕೊಟ್ಟಿದ್ದರು. ಬದಲಿಗೆ ದೇಸಾಯರ ಸೀರೆ ಬೇಕು. ಗಾಜಿನೊಳಗೆ ನಕಲು ಇದ್ದರೆ ಯಾರಿಗೆ ತಿಳಿದೀತು? ಅಂದು ಎಲ್ಲರೂ ಊಟದ ಪಂಕ್ತಿಗೆ ಕೂತಾಗ ಮಾಸ್ತರರು ನಿಜವಾದದ್ದನ್ನು ತೆಗೆದು ಒಂದು ಬುತ್ತಿಯಲ್ಲಿ ನಾಲ್ಕು ರೊಟ್ಟಿಯ ಕೆಳಗಿಟ್ಟು, ಕೆಂಪು ದಾರ ಸುತ್ತಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ನಕಲನ್ನು ಕಾವಲು ಕೋಣೆಯ ಗೋಡೆಯ ಮಾಡದಲ್ಲಿ ಅಡಗಿಸಿದ್ದರು. ಅದನ್ನು ತರಲು ಹೋದಾಗಲೇ ಯಾರೋ ಒಬ್ಬರು ಊಟ ಬಿಟ್ಟು ಎರಡನೆಯ ಸಲ ಸೀರೆ ನೋಡಲು ಬಂದು, ಖಾಲಿ ಪೆಟ್ಟಿಗೆ ಕಂಡು ಕೂಗಿಕೊಂಡರು. ಮಾಸ್ತರರ ಕೈಯಲ್ಲಿ ನಕಲು. ಎದುರಿಗೆ ಹುಸೇನಪೀರನ ಹಾಸಿಗೆ ಸುರುಳಿ.

“ಅಲ್ಲಿ ಸಿಕ್ಕರ ಗದ್ದಲ ಮುಗೀತೈತಿ ಅಂದ್ಕೊಂಡೆ. ಅವನ್ನ ಹಿಡೀತಾರ ಅಂತ ಅನಿಸಲಿಲ್ಲ.”

“ಬಿಡಸಬೇಕು ಅಂತನೂ ಅನಿಸಲಿಲ್ಲೇನು?”

ಅವರು ಕಿಟಕಿಯ ಕಡೆ ನೋಡಿದರು. “ಮೂವತ್ತು ವರ್ಷ ಶಾಸನದ ಕಲ್ಲು ಓದೇನಿ, ಸಾವಿತ್ರೆವ್ವ. ಮುಳ್ಳಾಗ, ಬಿಸಲಾಗ. ಬಾಗಲಕೋಟ್ಯಾಗ ಕರೆಯೋಲಿ ಅಚ್ಚ ಹಾಕಿದ್ರಲ್ಲ, ನನ್ನ ಹೆಸರು ಎಲ್ಲಿ ಹಾಕಿದ್ರು ಗೊತ್ತೇನು? ಊಟ, ವಸತಿ, ಬಸ್ಸು.”

“ಹುಸೇನಪೀರನ ಹೆಸರು ನೀವು ಎಲ್ಲಿ ಹಾಕಿದ್ರಿ?”

ಸಾವಿತ್ರೆವ್ವ ಚಂಚಿ ಬಿಚ್ಚಿ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಬೆದರಿಸಲಿಕ್ಕಲ್ಲ. ಹನ್ನೆರಡು ವರ್ಷದಿಂದ ಅವಳು ಬರೆದದ್ದನ್ನೆಲ್ಲ ಮೊದಲು ಓದುವವರು ಅವರೇ. ಕೈ ರೂಢಿಯಂತೆ ನಡೆಯಿತು.

ಅವರು ಓದಿದರು. ಎರಡು ಸಲ ಓದಿದರು. ಆಮೇಲೆ ಸಾಲಿಯ ದನಿಯಲ್ಲೇ ಅಂದರು:

“ತಾರೀಖ ಹಾಕಿಲ್ಲ.”

ಅವಳು ಹಾಳೆಯ ಮೇಲ್ತುದಿ ನೋಡಿದಳು. ಖಾಲಿಯಿತ್ತು.

“ಇವತ್ತಿಂದು ಹಾಕಿದಿ ಅಂದ್ರ, ಇಷ್ಟ ದಿನ ಎಲ್ಲಿದ್ದಿ, ಮೌಲಾಬಿ ಅತ್ತು ಬರೆಸ್ಯಾಳ ಅಂತಾರ. ಬರದ ದಿನದ್ದು ಹಾಕಿದಿ ಅಂದ್ರ, ಗೊತ್ತಿದ್ದೂ ಒಬ್ಬವನ್ನ ನಲವತ್ತೆರಡು ದಿನ ಕೊಳಿಸಿದಿ ಅಂತಾರ. ಯಾವದು ಹಾಕ್ತಿ ನೋಡು.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ಅಷ್ಟು ಕಹಿಯಾಗಿತ್ತು.

ಮಾಸ್ತರರು ಹಗ್ಗ ಕಟ್ಟಿದ ಕಾಗದದ ಕಟ್ಟನ್ನು ಅವಳ ಕಡೆ ತಳ್ಳಿದರು. ಅವರದೇ ಪುಸ್ತಕ. ಪುಣೆಯಿಂದ ಮರಳಿ ಬಂದಿತ್ತು. ಮೇಲೊಂದು ಚೀಟಿ, ಅವಳು ನಿಧಾನವಾಗಿ ಕೂಡಿಸಿ ಓದಿದಳು. ‘ನೀವು ಕೊಟ್ಟ ಬುತ್ತಿಯಲ್ಲಿ ರೊಟ್ಟಿ ಮಾತ್ರ ಇದ್ದವು. ಮಾತಿನಂತೆ ನಡೆಯದವರ ಪುಸ್ತಕ ನನಗೆ ಬೇಡ. ಎಂಟನೆಯ ತಾರೀಖು ಹುನಗುಂದಕ್ಕೆ ಬಂದು ತಂಗುತ್ತೇನೆ, ಮುಖಾಮುಖಿ ಮಾತಾಡೋಣ.’

ಎಂಟು ಅಂದರೆ ಇಂದೇ.

“ಬರೇ ರೊಟ್ಟಿ ಇತ್ತಂತ” ಎಂದರು ಮಾಸ್ತರರು. “ಕೆಂಪು ದಾರದ ಬುತ್ತಿ ಕಟ್ಟಿದಾಂವ ನಾ. ಬಸ್ಸಿನ ಮೂರನೇ ಕಿಟಕ್ಯಾಗ ಅವರ ಕೈಗೆ ಕೊಟ್ಟಾಕಿ ನೀ. ನಕಲು ಅಂತ ನೀ ಬರದಿ ಅಂದ್ರ, ನಿಜವಾದದ್ದು ಎಲ್ಲಿ ಅಂತ ಮೊದಲ ಕೇಳೋದು ನಿನ್ನ.”

ಡಾಕ್ಟರಿಗೆ ಖಾರ ಆಗುವುದಿಲ್ಲ, ಕೆಂಪು ದಾರದ್ದು ಅವರಿಗೆ ಎಂದು ಮಾಸ್ತರರು ಹೇಳಿದ್ದು, ತಾನು ಬಸ್ಸಿನ ಪಕ್ಕ ತುದಿಗಾಲಲ್ಲಿ ನಿಂತು ಅದನ್ನು ಎತ್ತಿಕೊಟ್ಟದ್ದು, ಎಲ್ಲ ಅವಳಿಗೆ ನೆನಪಿತ್ತು.

ಮಾಸ್ತರರು ಕೈ ಚಾಚಿದರು. ಪತ್ರಕ್ಕಾಗಿ ಅಂದುಕೊಂಡು ಅವಳು ಅದನ್ನು ಎಳೆದುಕೊಂಡಳು. ಅವರು ಕೇಳಿದ್ದು ಕೀಲಿ. ವಾಡೆಯ ಹೆಬ್ಬಾಗಿಲಿನದೂ ಪೆಟ್ಟಿಗೆಯದೂ ಇದ್ದ ಗೊಂಚಲನ್ನು ಸಾವಿತ್ರೆವ್ವ ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಹೇಗೂ ಈ ಕೆಲಸ ಇನ್ನಿಲ್ಲ.

“ನೀವ ಕಲಿಸಿದ ಅಕ್ಷರಾರಿ” ಎಂದಳು ಏಳುತ್ತ. “ಅದರಾಗ ಬ್ಯಾರೇನೂ ಬರಿಯಾಕ ಬರವಲ್ದು.”

ಅಂಚೆ ಕಚೇರಿಯಲ್ಲಿ ರಜಿಸ್ಟರ್ ಕಿಟಕಿ ಮುಚ್ಚಲು ಕಾಲು ತಾಸಿತ್ತು. ಗುಮಾಸ್ತ ಅಮಾತೆಪ್ಪ ಅರಗು ಕಾಯಿಸುತ್ತಿದ್ದ. ಇಂದಿನ ಚೀಲ ತಪ್ಪಿದರೆ ನಾಳೆ ಸಂಜೆಗೇ ಇನ್ನೊಂದು ಎಂದು ಅವನು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

ದಾರಕ್ಕೆ ಕಟ್ಟಿದ ಪೆನ್ನು ಹಿಡಿದು ಅವಳು ಕಟ್ಟೆಗೆ ಒರಗಿ ನಿಂತಳು. ಪತ್ರದ ಬಲಮೇಲ್ತುದಿಯಲ್ಲಿ ಬರೆದಳು: ಬರೆದದ್ದು, ೨೮-೧೨-೧೯೮೧. ಅದರ ಕೆಳಗೆ: ಕಳಿಸಿದ್ದು, ೮-೨-೧೯೮೨. ನಡುವೆ ಏನನ್ನೂ ಬರೆಯಲಿಲ್ಲ. ನಡುವಿನ ದಿನಗಳನ್ನು ಸಾಹೇಬರೇ ಎಣಿಸಿಕೊಳ್ಳಲಿ.

ಹಾಳೆ ತಿರುವಿ ನಕಲಿನ ಮಾತು, ಅರಿಶಿಣದ ಮಾತು, ಮಾಸ್ತರರ ಮಾತು ಸೇರಿಸಿದಳು. ಕೊನೆಗೆ, ‘ಕೆಂಪು ದಾರದ ಬುತ್ತಿಯನ್ನು ಡಾಕ್ಟರಿಗೆ ಕೊಟ್ಟವಳು ನಾನು’ ಎಂದು ಬರೆಯುತ್ತಿದ್ದಾಗ ಅಂಗೈಗೆ ಏನೋ ನೆನಪಾಯಿತು.

ಬಿಸಿ.

ಆ ಬುತ್ತಿ ಬಿಸಿಯಾಗಿತ್ತು. ಅಂಗೈ ಚುರ್ ಅಂದು, ಸೆರಗಿನಲ್ಲಿ ಹಿಡಿದು ಎತ್ತಿಕೊಟ್ಟಿದ್ದಳು. ಪಂಕ್ತಿ ಕೂತ ಹೊತ್ತಿಗೆ, ಅಂದರೆ ಒಂದು ಗಂಟೆಗೆ, ಕಟ್ಟಿಟ್ಟ ಬುತ್ತಿ ಬಸ್ಸು ಹೊರಟ ನಾಲ್ಕಕ್ಕೆ ಬಿಸಿ ಇರುವುದು ಹೇಗೆ? ಯಾರೋ ಅದನ್ನು ಬಿಚ್ಚಿ, ಒಳಗಿನದನ್ನು ತೆಗೆದು, ಹಂಚಿನ ಮೇಲಿನ ರೊಟ್ಟಿ ತುಂಬಿ, ಅದೇ ಕೆಂಪು ದಾರ ಸುತ್ತಿದ್ದರು. ಡಾಕ್ಟರು ಬರೆದದ್ದು ಖರೆ. ಸೀರೆ ವಾಡೆಯ ಹೊಸ್ತಿಲು ದಾಟಿಯೇ ಇರಲಿಲ್ಲ.

ಅವಳು ಒಲೆಯ ಮುಂದೆ ಇದ್ದಳು. ಬೆನ್ನ ಹಿಂದಿನ ಕಟ್ಟೆಯ ಬಳಿ ಕೂತು ಬುತ್ತಿ ಕಟ್ಟುತ್ತಿದ್ದವನು ಒಬ್ಬನೇ.

ಹುಸೇನಪೀರ. ಕಟ್ಟೆಯ ಪಕ್ಕದಲ್ಲೇ ಗುಡಾಣ. ಗುಡಾಣದ ತುಂಬ ಬೇವಿನ ಎಲೆ. ಎಲೆ ಬದಲಿಸಹೊರಟವಳು ಅದರ ಮುಚ್ಚಳ ತೆಗೆದೇ ತೆಗೆಯುತ್ತಾಳೆಂದು ಅವನು ಹಾಗೆ ಕೇಳಿ ಕಳಿಸಿದ್ದ.

ಕದ್ದನೋ, ಕಳ್ಳರಿಂದ ಉಳಿಸಿದನೋ? ಉಳಿಸಿದ್ದರೆ ಯಾಕೆ ಬಾಯಿ ಬಿಡಲಿಲ್ಲ? ಒಂದಂತೂ ಸ್ಪಷ್ಟವಿತ್ತು. ಅವನು ಅಡುಗೆಮನೆಯಲ್ಲಿದ್ದ ಎಂದು ಅವನನ್ನು ಬಿಡಿಸಲು ಬರೆದ ಸಾಲೇ ಅವನನ್ನು ನಿಜವಾದ ಸೀರೆಯ ಪಕ್ಕದಲ್ಲಿ ಕೂರಿಸುತ್ತಿತ್ತು. ಸಾಹೇಬರು ಅದನ್ನು ಎರಡೂ ರೀತಿ ಓದಬಹುದು.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಎಲೆಯ ಆ ಮಾತನ್ನು ಅವಳು ಮಾಸ್ತರರ ಮುಂದೆ ಆಗಲೇ ಆಡಿಬಿಟ್ಟಿದ್ದಳು. ಕೀಲಿಯನ್ನೂ ಇಟ್ಟು ಬಂದಿದ್ದಳು.

ತಲೆ ಎತ್ತಿದಳು. ಕಿಟಕಿಯ ಸರಳಿನಾಚೆ ರಸ್ತೆಯಲ್ಲಿ ಗುರಲಿಂಗಪ್ಪ ಮಾಸ್ತರರ ಸೈಕಲ್ಲು ಹೋಗುತ್ತಿತ್ತು. ಮನೆಯಿಂದ ಪೇಟೆಯ ಕಡೆಗಲ್ಲ, ಮರೋಳದ ದಾರಿಯ ಕಡೆ. ಹಿಡಿಕೆಗೆ ಖಾಲಿ ಕೈಚೀಲವೊಂದು ನೇತಾಡುತ್ತಿತ್ತು.

ನಿಲ್ದಾಣದಲ್ಲಿ ಆ ಕಡೆಯ ಬಸ್ಸು ಇನ್ನೂ ನಿಂತಿತ್ತು. ಓಡಿದರೆ ಸಿಗುತ್ತಿತ್ತು. ಮಾಸ್ತರರಿಗಿಂತ ಮೊದಲು ಬಾಗಿಲಲ್ಲಿ ನಿಲ್ಲಬಹುದಿತ್ತು. ಪತ್ರ ನಾಳೆ ಕಳಿಸಿದರಾಯಿತು. ನಾಳೆ ಸೀರೆ ಸಿಕ್ಕರೆ, ಎಲ್ಲ ಸರಿಯಾಗಿ ತಿಳಿದ ಮೇಲೆ, ತಿದ್ದಿ ಬರೆದು ಕಳಿಸಬಹುದು.

ನಲವತ್ತೆರಡು ದಿನವೂ ಅವಳು ಹೀಗೇ ನಾಳೆ ಅಂದುಕೊಂಡಿದ್ದಳು.

“ಕೊಡ್ತೀಯೋ ಇಲ್ಲೋ, ಯವ್ವಾ? ಚೀಲ ಕಟ್ಟಾಕತ್ತಾ‌ರ” ಎಂದ ಅಮಾತೆಪ್ಪ. “ಕಳಸೋರ ಹೆಸರು?”

“ಸಾವಿತ್ರೆವ್ವ. ಪೂರಾ ಬರ್ಕೋ. ಇಳಕಲ್ಲ ನೇಕಾರರ ಮನಿ ಮಗಳು, ದೇಸಾಯರ ವಾಡೇದಾಗ ಕಸಾ ಹೊಡಿಯಾಕಿ.”

ಲಕೋಟೆಗೆ ಅಂಟು ಸವರಿ, ಅಂಗೈಯಿಂದ ಒತ್ತಿ ಹಿಡಿದಳು. ಹೊರಗೆ ಬಸ್ಸು ಶುರುವಾದ ಸದ್ದು. ಅವಳು ಲಕೋಟೆಯನ್ನು ಸರಳಿನ ಕೆಳಗಿನಿಂದ ಒಳಗೆ ತಳ್ಳಿದಳು.

ಅಮಾತೆಪ್ಪನ ಮುದ್ರೆ ಅದರ ಮೇಲೆ ಬಿತ್ತು.